ಪೊಟ್ಟಣದೊಳಗಿನ ಇತಿಹಾಸ

ಇತಿಹಾಸವೆಂದೊಡನೆ ನಮಗೆ ನೆನಪಾಗುವುದು ಅರಸರು, ಯುದ್ಧಗಳು, ಕೋಟೆಗಳು, ಶಾಸನಗಳು. ಮಕ್ಕಳು ಆಡಿ ಎಸೆದ ತಗಡಿನ ಪೀಪಿಯೂ ಇತಿಹಾಸದ ದಾಖಲೆ ಎಂದರೆ ನಾವು ನಕ್ಕುಬಿಡುತ್ತೇವೆ. ಆದರೆ ಅಮೆರಿಕದ 'ಕ್ರ್ಯಾಕರ್ ಜ್ಯಾಕ್' ತಿಂಡಿಯ ಪೊಟ್ಟಣಗಳಲ್ಲಿ ಸಿಗುತ್ತಿದ್ದ ಆಟಿಕೆಗಳ ಕಥೆ ಕೇಳಿದರೆ ಆ ನಗು ನಿಲ್ಲುತ್ತದೆ.

1871ರಲ್ಲಿ ಶಿಕಾಗೋ ನಗರ ಭೀಕರ ಬೆಂಕಿಗೆ ಆಹುತಿಯಾಯಿತು. ಆ ನಂತರದ ದಿನಗಳಲ್ಲಿ ಜರ್ಮನಿಯ ವಲಸಿಗ ಫ್ರೆಡರಿಕ್ ರೂಕ್‌ಹೈಮ್ ಅಲ್ಲಿ ಪಾಪ್‌ಕಾರ್ನ್ ಮಾರತೊಡಗಿದರು. ಸಹೋದರ ಲೂಯಿಸ್ ಜೊತೆಗೂಡಿದರು. ಪಾಪ್‌ಕಾರ್ನ್, ನೆಲಗಡಲೆ ಮತ್ತು ಕಾಕಂಬಿ ಸೇರಿಸಿ ಮಾಡಿದ ತಿಂಡಿಗೆ 1896ರಲ್ಲಿ 'ಕ್ರ್ಯಾಕರ್ ಜ್ಯಾಕ್' ಎಂಬ ಹೆಸರು ಬಂತು. 1912ರಿಂದ ಪ್ರತಿ ಪೊಟ್ಟಣದಲ್ಲೂ ಒಂದು ಬಹುಮಾನ ಇಡಲಾಯಿತು. ಮಗು ಹಟ ಹಿಡಿದರೆ ಹೆತ್ತವರು ಕೊಳ್ಳುತ್ತಾರೆಂಬುದು ವ್ಯಾಪಾರಿಗೆ ಗೊತ್ತಿತ್ತು. ಉಚಿತವೆಂದು ಕೊಟ್ಟದ್ದರ ಬೆಲೆ ತಿಂಡಿಯ ಬೆಲೆಯಲ್ಲೇ ಅಡಗಿತ್ತು ಎಂಬುದನ್ನು ನಾವು ಮರೆಯುವಂತಿಲ್ಲ.

ಈ ಆಟಿಕೆಗಳನ್ನು ಸಾಲಾಗಿ ಜೋಡಿಸಿದರೆ ಒಂದು ಶತಮಾನವೇ ಕಣ್ಣೆದುರು ನಿಲ್ಲುತ್ತದೆ. ಮೊದಲ ದಶಕಗಳಲ್ಲಿ ತಗಡು, ಸೀಸ, ಕಾಗದ. ಹಲವು ಆಟಿಕೆಗಳು ಜಪಾನಿನಿಂದ ಬರುತ್ತಿದ್ದವು. 1941ರಲ್ಲಿ ಜಪಾನ್ ಮತ್ತು ಅಮೆರಿಕ ಯುದ್ಧಕ್ಕಿಳಿದಾಗ ಆ ದಾರಿ ಮುಚ್ಚಿತು. ಲೋಹವೆಲ್ಲ ಯುದ್ಧಕ್ಕೆ ಹೋಯಿತು. ಮಕ್ಕಳ ಪಾಲಿಗೆ ಉಳಿದದ್ದು ಕಾಗದದ ಆಟಿಕೆ. ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ ಬಂತು. ಇಸವಿ ನಮೂದಿಸದ ಆಟಿಕೆಯ ಕಾಲವನ್ನು ಸಂಗ್ರಾಹಕರು ಅಂದಾಜು ಮಾಡುವುದು ಹೆಚ್ಚಾಗಿ ಅದು ಯಾವುದರಿಂದ ಮಾಡಿದ್ದು ಎಂಬುದನ್ನು ನೋಡಿಯೇ.

1914ರಲ್ಲಿ ಪೊಟ್ಟಣಗಳಲ್ಲಿ ಬೇಸ್‌ಬಾಲ್ ಆಟಗಾರರ ಚಿತ್ರಗಳು ಬಂದವು. ಒಟ್ಟು 144. ಟೈ ಕಾಬ್, ಹೋನಸ್ ವ್ಯಾಗ್ನರ್‌ರಂತಹ ಖ್ಯಾತರು ಅದರಲ್ಲಿದ್ದರು. ಅಂಟು ತಿಂಡಿಯ ಜೊತೆಗೇ ಇದ್ದುದರಿಂದ ಅವುಗಳಿಗೆ ಕಲೆ ಹತ್ತುತ್ತಿತ್ತು. ಮರುವರ್ಷ 176 ಚಿತ್ರಗಳು ಬಂದವು. ಈ ಸಲ ಕೂಪನ್ ಕಳುಹಿಸಿ ಇಡೀ ಕಟ್ಟನ್ನು ಅಂಚೆಯಲ್ಲಿ ತರಿಸಿಕೊಳ್ಳಬಹುದಿತ್ತು. ಹಾಗಾಗಿ 1915ರ ಚಿತ್ರಗಳು ಶುಭ್ರವಾಗಿ ಉಳಿದಿವೆ. 1914ರ ಕಲೆಯಿಲ್ಲದ ಚಿತ್ರ ತೀರಾ ಅಪರೂಪ. ಇಂದು ಮಾರುಕಟ್ಟೆ ಹೆಚ್ಚು ಬೆಲೆ ಕಟ್ಟುವುದು ಆ ಕಲೆಯಿಲ್ಲದ ಚಿತ್ರಕ್ಕೆ. ಆದರೆ ಇತಿಹಾಸದ ದೃಷ್ಟಿಯಿಂದ ಕಲೆಯೇ ಹೆಚ್ಚು ಮಾತಾಡುತ್ತದೆ. ಆ ಚಿತ್ರ ತಿಂಡಿಯ ನಡುವಿನಿಂದಲೇ ಬಂದದ್ದು ಎಂಬುದಕ್ಕೆ ಅದೇ ಸಾಕ್ಷಿ.

1964ರಲ್ಲಿ ಬೋರ್ಡನ್ ಕಂಪೆನಿ ಈ ಉದ್ಯಮವನ್ನು ಕೊಂಡಿತು. 1997ರಲ್ಲಿ ಅದು ಪೆಪ್ಸಿಕೋದ ಫ್ರಿಟೊ-ಲೇ ಪಾಲಾಯಿತು. ಆಟಿಕೆಗಳು ಕ್ರಮೇಣ ಸ್ಟಿಕರ್, ಒಗಟಿನ ಚೀಟಿಗಳಿಗೆ ಇಳಿದವು. 2016ರಲ್ಲಿ ಅವೂ ಹೋಗಿ, ಮೊಬೈಲಿನಲ್ಲಿ ಆಟ ತೆರೆಯುವ ಕ್ಯೂಆರ್ ಕೋಡ್ ಬಂತು.

ವ್ಯಾಪಾರದ ತಂತ್ರ ಅಂದೂ ಇತ್ತು, ಇಂದೂ ಇದೆ. ಆದರೆ ತಗಡಿನ ಪೀಪಿ ಮಗುವಿನ ಕೈ ಸೇರಿದ ಮೇಲೆ ಮಗುವಿನದೇ ಆಗುತ್ತಿತ್ತು. ಅದನ್ನು ಗೆಳೆಯನಿಗೆ ಕೊಡಬಹುದಿತ್ತು, ಮೊಮ್ಮಕ್ಕಳಿಗಾಗಿ ಎತ್ತಿಡಬಹುದಿತ್ತು. ಮೊಬೈಲಿನ ಆಟ ಕಂಪೆನಿ ನಡೆಸುವಷ್ಟು ದಿನ ಮಾತ್ರ. ಅರಸರು ತಮ್ಮ ಶಾಸನಗಳನ್ನು ಕಲ್ಲಿನಲ್ಲಿ ಕೆತ್ತಿಸಿದರು. ಸಾಮಾನ್ಯರ ಮಕ್ಕಳ ಬಾಲ್ಯಕ್ಕೆ ಅಂತಹ ಕಲ್ಲಿಲ್ಲ. ಯಾರೋ ಹಳೆಯ ಡಬ್ಬಿಯಲ್ಲಿ ಎತ್ತಿಟ್ಟ ಇಂತಹ ಪುಟ್ಟ ವಸ್ತುಗಳೇ ಅದರ ಶಾಸನ. ಮನೆ ಗುಡಿಸುವಾಗ ನಾವು ಕಸವೆಂದು ಎಸೆಯುವ ಮುನ್ನ ಒಂದು ಕ್ಷಣ ಯೋಚಿಸುವುದು ಒಳ್ಳೆಯದು.