ಹೋಳಿಗೆಯ ಹೂರಣದಲ್ಲಿ ಅಡಗಿದ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ಅರಸರ ಪಟ್ಟಿಯೂ ಕಾಳಗಗಳ ಇಸವಿಗಳೂ ನೆನಪಿಗೆ ಬರುತ್ತವೆ. ಕಲ್ಲಿನಲ್ಲಿ ಕೊರೆದುದೇ ಶಾಸನವೆಂದು ನಾವೂ ಅವರಿಗೆ ಕಲಿಸುತ್ತ ಬಂದಿದ್ದೇವೆ. ಆದರೆ ಜನರ ಬಾಳಿನ ಚರಿತ್ರೆ ಒಲೆಯ ಮುಂದೆಯೂ ಉಳಿದಿರುತ್ತದೆ. ಇದನ್ನು ಮನಗಾಣಬೇಕೆಂದೇ ಕಳೆದ ಸಂಕ್ರಾಂತಿಯ ಸುಮಾರಿಗೆ ಸೊಲ್ಲಾಪುರದಿಂದ ಅಕ್ಕಲಕೋಟೆಯವರೆಗೆ, ಸುಮಾರು 40 ಕಿಲೋಮೀಟರು ದಾರಿಯಲ್ಲಿ, ಹೋಳಿಗೆ ಮಾರುವ ಸಣ್ಣ ಅಂಗಡಿಗಳನ್ನೂ ಮನೆಗಳನ್ನೂ ಹುಡುಕುತ್ತ ತಿರುಗಿದೆವು. ನಾಲಗೆಯ ಚಪಲವೂ ಇದರಲ್ಲಿ ಸ್ವಲ್ಪ ಬೆರೆತಿತ್ತೆಂಬುದನ್ನು ವಾಚಕರ ಮುಂದೆ ಮುಚ್ಚಿಡಲಾರೆವು.

ಮೊದಲು ಹೆಸರನ್ನೇ ನೋಡೋಣ. ತುಂಬುವುದು ಎಂಬ ಅರ್ಥದ ಸಂಸ್ಕೃತದ ‘ಪೂರಣ’ವೇ ಕನ್ನಡದಲ್ಲಿ ‘ಹೂರಣ’ವಾಯಿತು. ಹಳಗನ್ನಡದ ಪಾಲ್ ಹಾಲಾಗಿ, ಪುಲಿ ಹುಲಿಯಾಗಿ, ಪೂ ಹೂವಾದ ದಾರಿಯೇ ಇದು. ಮರಾಠಿಯಲ್ಲಿ ಪಕಾರ ಹಾಗೆಯೇ ನಿಂತು ‘ಪುರಣಪೋಳಿ’ಯಾಯಿತು. ಹೋಳಿಗೆಯೂ ಪೋಳಿಯೂ ಒಂದೇ ಬಳ್ಳಿಯ ಕುಡಿಗಳು. ಬೇಳೆ ಬಸಿದ ನೀರಿನಿಂದ ನಾವು ಮಾಡುವ ‘ಕಟ್ಟಿನ ಸಾರು’ ನೆರೆಮನೆಯಲ್ಲಿ ‘ಕಟಾಚೀ ಆಮಟೀ’ ಎನಿಸಿಕೊಳ್ಳುತ್ತದೆ. ಯಾರಿಂದ ಯಾರು ಪಡೆದರೆಂದು ಜಗಳವಾಡುವುದಕ್ಕಿಂತ, ಎರಡು ಮನೆಗಳ ಹೊಗೆ ಒಂದೇ ಬೀದಿಯಲ್ಲಿ ಬೆರೆತಿದೆಯೆಂದು ತಿಳಿಯುವುದು ಮೇಲು.

ಈ ಭಕ್ಷ್ಯದ ಹಳಮೆಗೆ ಬಲವಾದ ಸಾಕ್ಷಿ ನಮ್ಮ ನೆರೆಯಲ್ಲಿಯೇ ಇದೆ. ಅಕ್ಕಲಕೋಟೆಗೆ ಬಹುದೂರವಲ್ಲದ ಕಲ್ಯಾಣದಲ್ಲಿ, ಎಂದರೆ ಇಂದಿನ ಬಸವಕಲ್ಯಾಣದಲ್ಲಿ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಕ್ರಿ.ಶ. 1129ರ ಸುಮಾರಿಗೆ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ‘ಅನ್ನಭೋಗ’ ಪ್ರಕರಣದಲ್ಲಿ ಗೋದಿಯ ಕಣಕದ ಮಂಡಕ, ಪೋಲಿಕೆಗಳೂ ಕಡಲೆಯ ಹೂರಣವನ್ನು ಕಣಕದಲ್ಲಿ ಸುತ್ತಿದ ವೇಷ್ಟಿಕೆಯೂ ಬರುತ್ತವೆ. ಮಂಡಕವೇ ನಮ್ಮ ಮಂಡಿಗೆ. 16ನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಕನ್ನಡದಲ್ಲಿಯೇ ‘ಸೂಪಶಾಸ್ತ್ರ’ವನ್ನು ಬರೆದನು. ಅವನು ಹೇಳುವ ಮುಚ್ಚಳರೊಟ್ಟಿಯನ್ನು ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಇಂದಿನ ಬೇಕರಿಯ ಭಟ್ಟಿಯಲ್ಲಿ ನಡೆಯುವ ಕೆಲಸವೂ ಬಹುಮಟ್ಟಿಗೆ ಇದೇ ಅಲ್ಲವೆ?

ಆದರೆ ಸೊಲ್ಲಾಪುರದಲ್ಲಿ ನಮ್ಮ ಕೈಗೆ ಹೆಚ್ಚಾಗಿ ಸಿಕ್ಕಿದುದು ಕಡಲೆಬೇಳೆಯ ಹೋಳಿಗೆಯಲ್ಲ, ಶೇಂಗಾ ಹೋಳಿಗೆ. ‘ಇದು ನಮ್ಮ ಪುರಾತನ ತಿಂಡಿ’ ಎಂದು ಅಂಗಡಿಯವರೆಲ್ಲ ಹೆಮ್ಮೆಯಿಂದ ಹೇಳಿದರು. ಇಲ್ಲಿ ಇತಿಹಾಸದ ಶಿಕ್ಷಕನು ಸ್ವಲ್ಪ ತಡೆಯಬೇಕಾಗುತ್ತದೆ. ಶೇಂಗಾ ದಕ್ಷಿಣ ಅಮೆರಿಕದ ಬೆಳೆ. ಯುರೋಪಿನವರು ಆ ಖಂಡವನ್ನು ಮುಟ್ಟಿದ ಮೇಲೆಯೇ ಅದು ನಮ್ಮ ದೇಶಕ್ಕೆ ಬಂದಿತು. ಸೋಮೇಶ್ವರನಾಗಲಿ ಸೊನ್ನಲಿಗೆಯ ಸಿದ್ಧರಾಮನಾಗಲಿ ಶೇಂಗಾದ ಒಂದು ಕಾಳನ್ನೂ ಕಂಡವರಲ್ಲ. 19ನೆಯ ಶತಮಾನದಲ್ಲಿ ಮುಂಬಯಿ ಇಲಾಖೆಯಲ್ಲಿ ಎಣ್ಣೆಕಾಳಿನ ಬೇಸಾಯ ಹಬ್ಬಿದ ಮೇಲೆ ಅದು ಈ ಒಣ ಸೀಮೆಯ ಮನೆಮನೆಗೂ ಸೇರಿತು. ಅದಕ್ಕೆ ನಾವಿತ್ತ ಹೆಸರು ಕೂಡ ಕಾಯಿ ಎಂಬ ಅರ್ಥದ ಮರಾಠಿ ಮಾತು. ಹೀಗೆ ಹೋಳಿಗೆಯ ಮೈ ಹಳೆಯದು, ಒಡಲೊಳಗಿನದು ಹೊಸದು.

ಹೊಸದು ಗೆದ್ದುದೇಕೆ? ಬೇಳೆಯ ಹೂರಣದಲ್ಲಿ ನೀರಿನಂಶವುಂಟು. ಅದು ಬೇಗ ಹಳಸುತ್ತದೆ. ಹುರಿದು ಸಿಪ್ಪೆ ತೆಗೆದ ಶೇಂಗಾವನ್ನು ಬೆಲ್ಲದೊಡನೆ ಕುಟ್ಟಿ ತುಂಬಿದರೆ ನೀರು ಬೇಕಿಲ್ಲ. ಹೋಳಿಗೆ ವಾರ ಹತ್ತು ದಿನ ತಾಳುತ್ತದೆ. ಸೊಲ್ಲಾಪುರಕ್ಕೆ 1860ರಲ್ಲಿ ರೈಲು ಬಂದಿತು; 1870ರ ದಶಕದಲ್ಲಿ ಮೊದಲ ಬಟ್ಟೆಯ ಗಿರಣಿ ತಲೆಯೆತ್ತಿತು. ದುಡಿಯುವವರ ಊರಿನಲ್ಲಿ ಬುತ್ತಿಗೆ ಒದಗುವ ತಿಂಡಿಗೆ ಬೆಲೆ ಹೆಚ್ಚು. ಕಡಕ್ ರೊಟ್ಟಿಯೂ ಶೇಂಗಾ ಚಟ್ನಿಯೂ ಊರಿನ ಹೆಸರನ್ನು ಹೊತ್ತು ಹೊರಗೆ ಹೋಗುವುದೂ ಕೆಡದಿರುವ ಗುಣದಿಂದಲೇ. ಆ ಹಳೆಯ ಗಿರಣಿ ಮುಚ್ಚಿಹೋಗಿದೆ. ರೊಟ್ಟಿ ಹೋಳಿಗೆಗಳನ್ನು ಮಾಡಿ ಮಾರಿ ಸಂಸಾರ ಸಾಗಿಸುವ ಹೆಣ್ಣುಮಕ್ಕಳ ಒಲೆ ಇಂದೂ ಉರಿಯುತ್ತಿದೆ.

ಅಕ್ಕಲಕೋಟೆಯಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಹೇಳದಿದ್ದರೆ ಈ ಲೇಖನ ಅಪ್ರಾಮಾಣಿಕವಾದೀತು. 1948ರವರೆಗೆ ಭೋಸಲೆ ಮನೆತನದ ಸಂಸ್ಥಾನವಾಗಿದ್ದ ಈ ಊರಿಗೆ ಸ್ವಾಮಿ ಸಮರ್ಥರ ದರ್ಶನಕ್ಕಾಗಿ ಯಾತ್ರಿಕರ ಸಾಲು ಮುರಿಯುವುದಿಲ್ಲ. ಒಂದು ಓಣಿಯಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜಿಯೊಬ್ಬಳನ್ನು ನಾವು, ಕನ್ನಡ ಶಾಲೆಯ ಶಿಕ್ಷಕರು, ಅಭ್ಯಾಸಬಲದಿಂದ ಮರಾಠಿಯಲ್ಲಿ ‘ಶೇಂಗಾಪೋಳಿ ಆಹೇ ಕಾ?’ ಎಂದು ಕೇಳಿದೆವು. ಆಕೆ ಒಳಗೆ ತಿರುಗಿ, ‘ತಂಗೀ, ಆ ಹೋಳಗಿ ಡಬ್ಬಿ ತಗೊಂಬಾರವ್ವ’ ಎಂದು ಮೊಮ್ಮಗಳಿಗೆ ಕೂಗಿದಳು. ನಮ್ಮ ಮುಖ ಸಣ್ಣದಾಯಿತು. ನಾವು ಕನ್ನಡದಲ್ಲಿ ಮಾತನಾಡಿದ ಮೇಲೆ, ‘ಕನ್ನಡದವರೇನ್ರಿ ನೀವು? ಮೊದಲs ಹೇಳಬಾರದೇನ್ರಿ?’ ಎಂದು ನಕ್ಕು, ಕೊಂಡುದಕ್ಕಿಂತ ಒಂದು ಹೋಳಿಗೆ ಹೆಚ್ಚಾಗಿ ಕೊಟ್ಟಳು. ಆ ಒಂದನ್ನು ನುಂಗುವುದು ನಮಗೆ ಕಷ್ಟವಾಯಿತು.

ಸೊಲ್ಲಾಪುರದ ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆಯಲ್ಲಿ ಅರುವತ್ತೆಂಟು ಲಿಂಗಗಳಿಗೆ ಎಣ್ಣೆಮಜ್ಜನವಾಗುತ್ತದೆ. ಮರಾಠಿ ಮಾತನಾಡುವ ಭಕ್ತರೂ ಅದನ್ನು ‘ಯಣ್ಣೀಮಜ್ಜನ’ ಎಂದೇ ಕರೆಯುತ್ತಾರೆ. ಕೆಲಸ ನಡೆದಿರುವುದರಿಂದ ಮಾತೂ ನಡೆದಿದೆ. ಯಾರೂ ಅದನ್ನು ಕಾಯಲು ನಿಂತಿಲ್ಲ. ಆದರೆ ‘ಹೋಳಿಗೆ’ಯನ್ನು ಅಂಗಡಿಯ ಮುಂದೆ ಕೈಬಿಟ್ಟವರು ಪರರಲ್ಲ, ನಾವೇ. ಆದುದರಿಂದ ಶಿಕ್ಷಕಮಿತ್ರರಲ್ಲಿ ನಮ್ಮದೊಂದು ವಿನಂತಿ: ಮುಂದಿನ ಹಬ್ಬಕ್ಕೆ ಮಕ್ಕಳನ್ನು ಅವರವರ ಅಜ್ಜಿಯ ಒಲೆಯ ಬಳಿಗೆ ಕಳುಹಿಸಿರಿ. ಕಣಕ, ಹೂರಣ, ಕಟ್ಟು, ಲಟ್ಟಣಿಗೆ, ಹಂಚು—ಕೇಳಿದ ಮಾತುಗಳನ್ನೆಲ್ಲ ಅವರು ಬರೆದುತರಲಿ. ವಿದ್ಯಾರ್ಥಿಗಳೇ, ಅಂಗಡಿಗೆ ಹೋದಾಗ ಮೊದಲು ಕನ್ನಡದಲ್ಲಿ ಕೇಳಿ ನೋಡಿರಿ. ಒಳಗಿನಿಂದ ಕನ್ನಡದ ಉತ್ತರವೇ ಬಂದೀತು.