ಹಳೆ ನೀರು, ಹೊಸಾ ಮೀಟರು

ನಳಕ್ಕ ಮೀಟರ್ ಕೂಡಸ್ತಾರ ಅಂದ ಕೂಡ್ಲೆ ನಮ್ಮ ಹೆಣ್ಮಕ್ಕಳ ಬಾಯಾಗ ಮೊದಲ ಬರೋ ಮಾತು, "ಬಿಲ್ಲು ಎಷ್ಟ ಬರ್ತದೋ ಏನೋ!" ಅದು ಖರೇನ. ಆದ್ರ ನಮ್ಮ ಹುಬ್ಬಳ್ಳಿ-ಧಾರವಾಡದ ನೀರಿನ ಇತಿಹಾಸ ನೋಡಿದ್ರ, ರೊಕ್ಕದ ಸಂಗಡ ನಾವು ತುಂಬಿಟ್ಟು ಚೆಲ್ಲಿದ ನೀರಿನ ಕಥೀನೂ ಈ ಮೀಟರಿನ್ಯಾಗ ಅದ.

ನಮ್ಮ ಅವಳಿ ಊರಿಗೆ ನೀರು ದೂರದಿಂದ ಬರ್ತದ. ಸವದತ್ತಿ ಹತ್ರ ನವಿಲುತೀರ್ಥದಾಗ ಮಲಪ್ರಭಾಕ್ಕ ಆಣೆಕಟ್ಟು ಕಟ್ಟ್ಯಾರ. ಅಲ್ಲಿಂದ ಪಂಪ್ ಮಾಡಿ, ಅಮ್ಮಿನಭಾವಿಯೊಳಗ ಶುದ್ಧ ಮಾಡಿ ಊರಿಗೆ ತರ್ತಾರ. ಹುಬ್ಬಳ್ಳಿಗೆ ನೀರಸಾಗರ ಕೆರಿ ನೀರೂ ಇತ್ತು, ಆದ್ರ ಮಳಿ ಕೈಕೊಟ್ಟ ವರ್ಷ ಅದನ್ನ ನಂಬೋ ಹಂಗ ಇದ್ದಿಲ್ಲ. 2000ದ ಆಸುಪಾಸಿನ್ಯಾಗ ಭಾಳ ಓಣಿಗೆ ನೀರು ಬರ್ತಿದ್ದದ್ದು ನಾಕೈದು ದಿನಕ್ಕೊಮ್ಮೆ, ಅದೂ ಕೆಲವು ತಾಸು. ಬ್ಯಾಸಗ್ಯಾಗ ಇನ್ನೂ ತಡ.

ನೀರು ಬರೋ ದಿನ ಅಂದ್ರ ಮನ್ಯಾಗ ಹಬ್ಬದಷ್ಟ ಗದ್ದಲ. ವಾಲ್‌ಮನ್ ರಾತ್ರಿ ಎರಡಕ್ಕ ಬಿಟ್ರ ಎರಡಕ್ಕ ಏಳಬೇಕು. ಹಂಡೆ, ಕೊಡ, ಬಕೀಟು, ಪಾತೇಲಿ, ಯಾವುದೂ ಖಾಲಿ ಇರಬಾರದು. ತುಂಬೋಕಿಂತ ಮೊದಲ ಇನ್ನೊಂದು ಕೆಲಸ ಇರ್ತಿತ್ತು: ಹೋದ ಸಲ ತುಂಬಿ ಉಳಿದದ್ದನ್ನ "ಹಳೆ ನೀರು" ಅಂತ ಗಟಾರಕ್ಕ ಚೆಲ್ಲೋದು. ನೀರು ಬಂದದ್ದು ಸಪ್ಪಳದಿಂದ ಗೊತ್ತಾಗಲಿ ಅಂತ ಕೆಲವರು ನಳ ತೆರದ ಇಡತಿದ್ರು. ನಿದ್ದಿ ಹತ್ತಿದ್ರ ಅಂಗಳೆಲ್ಲಾ ನೀರು. ಬರ ಇರೋ ಊರಾಗ ಹಿಂಗ ನೀರು ಹಾಳಾಗೂದು ವಿಚಿತ್ರ ಅನಸ್ತದ. ಆದ್ರ ಮುಂದ ಯಾವಾಗ ಬರ್ತದೋ ಗೊತ್ತಿಲ್ಲದಾಗ ತುಂಬಿಡದ ಏನ್ ಮಾಡಬೇಕು? ಆ ಅಂಜಿಕಿನ ನೀರು ಹಾಳು ಮಾಡಸ್ತಿತ್ತು.

ಆಗ ಭಾಳ ಮನಿಯೊಳಗ ಮೀಟರ್ ಇದ್ದಿಲ್ಲ, ಇದ್ರೂ ನಿಂತು ಹೋಗಿರ್ತಿತ್ತು. ನಳಕ್ಕ ತಿಂಗಳಿಗೆ ಇಷ್ಟು ಅಂತ ಕಟ್ಟೋದು. ಹತ್ತು ಕೊಡ ತುಂಬಿದ್ರೂ ಅಷ್ಟ, ನೂರು ತುಂಬಿದ್ರೂ ಅಷ್ಟ. ಈ ಪದ್ಧತಿ ಭಾಳ ಹಳೇದು. ರೋಮ್ ಊರಾಗ ಕ್ರಿ.ಶ. 97ರಾಗ ನೀರಿನ ಅಧಿಕಾರಿ ಆದ ಫ್ರಾಂಟಿನಸ್ ಅನ್ನಾವ ಅಲ್ಲಿನ ವ್ಯವಸ್ಥಾ ಬಗ್ಗೆ ಒಂದು ಪುಸ್ತಕಾನ ಬರದಿಟ್ಟಾನ. ಅಲ್ಲಿ ನೀರಿನ ಪರವಾನಗಿ ಸಿಕ್ಕ ಮನಿಗೆ ಮುದ್ರಿ ಒತ್ತಿದ ಕಂಚಿನ ಕೊಳವಿ ಹಚ್ಚಿ, ಅದರ ಬಾಯಿ ಅಳತಿ ಮ್ಯಾಲ ಲೆಕ್ಕ ಇಡತಿದ್ರು. ಅವ ಹೋಗಿ ನೋಡಿದ್ರ, ಎಲ್ಲೋ ಮುದ್ರಿ ಇಲ್ಲದ ದೊಡ್ಡ ಕೊಳವಿ, ಎಲ್ಲೋ ಗುಟ್ಟಾಗಿ ಕೊರದ ತೂತು! ಬಾಯಿ ಅಳದ್ರ ಹರದ ನೀರು ತಿಳಿಯೂದಿಲ್ಲ. ಹರದ ನೀರನ್ನ ಎಣಿಸೋ ಮೀಟರ್ ಚಾಲ್ತಿಗೆ ಬಂದದ್ದು 19ನೇ ಶತಮಾನದಾಗ.

ನಮ್ಮ ಮನಿ ಮೀಟರಿನ ಒಳಗ ಒಂದು ಸಣ್ಣ ಗಾಲಿ ಇರ್ತದ. ನೀರು ತಳ್ಳಿದ್ರ ತಿರಗ್ತದ, ತಿರಗಿದಷ್ಟು ಅಂಕಿ ಏರ್ತದ. ನಾಕ ದಿನ ಪೈಪು ಖಾಲಿ ಬಿದ್ರ ಅದರಾಗ ಗಾಳಿ ತುಂಬ್ತದ; ನೀರು ಬಿಟ್ಟಾಗ ಆ ಗಾಳಿ ಮೊದಲ ನುಗ್ಗಿ ಗಾಲಿ ತಿರಗಸ್ತದ. ಹಿಂದ ಬರೋ ಉಸುಕು, ರಾಡಿ ಗಾಲಿಯೊಳಗ ಸಿಕ್ಕೋತದ. ಅದಕ್ಕ, ದಿನಾ ನೀರು ಬರದ ಇರೋ ಓಣ್ಯಾಗ ಎಂಥಾ ಹೊಸಾ ಮೀಟರ್ ಹಾಕಿದ್ರೂ ಭಾಳ ದಿನ ಸುದ್ದ ಇರೂದಿಲ್ಲ.

2004ರಾಗ ವಿಶ್ವಬ್ಯಾಂಕಿನ ಸಾಲದ ಮ್ಯಾಲ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರ್ಗಿಗೆ ಒಂದು ಯೋಜನಾ ಬಂತು. ಇಡೀ ಊರಿಗೆ ಅಲ್ಲ, ಹತ್ತರಾಗ ಒಂದು ಪಾಲಿನಷ್ಟು ಜನಕ್ಕ. ಹಳೆ ಪೈಪು ತಗದು ಹೊಸಾವು ಹಾಕಿ, ಮನಿಮನಿಗೆ ಮೀಟರ್ ಕೂಡಿಸಿ, 2008ರಾಗ ಆ ಓಣಿಗಳಿಗೆ ಹಗಲೂ ರಾತ್ರಿ ನೀರು ಕೊಟ್ರು. ಮೀಟರಿನ ಜೋಡಿ ಪೈಪೂ ಬದಲಾತು, ನೀರು ಬರೋ ರೀತೀನೂ ಬದಲಾತು. ಕೆಲಸ ನಿಂತದ್ದು ಅದಕ್ಕ. ಊರು ಕೊಟ್ಟದ್ದೆಷ್ಟು, ಮನಿ ತಗೊಂಡದ್ದೆಷ್ಟು ಅಂತ ಕೂಡಿಸಿ ನೋಡಿದ್ರ ನಡುವ ಸೋರಿದ್ದು ಸಿಕ್ಕಿ ಬೀಳ್ತದ. ನಟ್ಟ ನಡುರಾತ್ರಿ ಏಳೋದೂ ತಪ್ಪಿತು. 2016ರಾಗ ಇದನ್ನ ಇಡೀ ಊರಿಗೆ ಹಬ್ಬಸಲಿಕ್ಕೆ ಮತ್ತೊಂದು ಸಾಲ ಮಂಜೂರಾತು.

ಎಲ್ಲಾ ಸುರಳೀತ ಆತು ಅಂತಲ್ಲ. ನೀರು ನಿಲ್ಲದ ಬಂದ್ರೂ ಭಾಳ ಮಂದಿ ತುಂಬಿಡೋದು ಬಿಡಲಿಲ್ಲ. ನಂಬಿಕಿ ಬರಲಿಕ್ಕೆ ವರ್ಷ ಹಿಡೀತಾವ. ಇನ್ನೊಂದು ಸಂಕಟ ದರದ್ದು. ತಿಂಗಳಿಗೆ ಇಷ್ಟು ಸಾವಿರ ಲೀಟರ್ ತನಕ ಒಂದು ದರ, ದಾಟಿದ್ರ ಹೆಚ್ಚಿನ ದರ. ನಾಕ ಮಂದಿ ಮನಿಗೆ ಇದು ಸರಿ. ಅದ ಒಂದು ಮೀಟರಿನ ಮ್ಯಾಲ ಮೂರು ಬಾಡಿಗಿ ಮನಿ ಇದ್ರ, ಯಾರೂ ದುಂದು ಮಾಡದಿದ್ರೂ ಹೆಚ್ಚಿನ ದರ ಬೀಳ್ತದ. ಹಂಗಿದ್ದಲ್ಲೆ ಮನಿಗೊಂದು ಮೀಟರ್ ಕೇಳೋದು ಛಲೋ.

ಬಿಲ್ಲು ಬರೋ ತನಕ ಕಾಯಬ್ಯಾಡ್ರಿ, ಮೀಟರನ್ನ ನಮ್ಮ ಕೆಲಸಕ್ಕ ಹಚ್ಚೋಣು. ಕರೇ ಅಂಕಿ ಸಾವಿರ ಲೀಟರಿನವು. 15 ಲೀಟರಿನ ಕೊಡ ಲೆಕ್ಕ ಹಾಕಿದ್ರ ಸುಮಾರು 67 ಕೊಡಕ್ಕ ಒಂದಂಕಿ. ಪೈಪಿನ್ಯಾಗ ನೀರು ಇರೋ ಹೊತ್ತಿನ್ಯಾಗ, ಟಾಕಿ ತುಂಬಿದ ಮ್ಯಾಲ, ಎಲ್ಲಾ ನಳ ಬಂದ್ ಮಾಡಿ ಮೀಟರಿನ ಮುಖ ನೋಡ್ರಿ. ನಕ್ಷತ್ರದ ಹಂಗಿರೋ ಸಣ್ಣ ಗಾಲಿ ಆಗ್ಲೂ ತಿರಗತಿದ್ರ ಎಲ್ಲೋ ಸೋರ್ಲಿಕ್ಕೆ ಹತ್ತೇದ ಅಂತ ತಿಳೀರಿ. ಸೆಕೆಂಡಿಗೊಂದು ಹನಿ ಅಂದ್ರ ದಿನಕ್ಕ 86,400 ಹನಿ. ನಳದ ವಾಶರ್ ಬದಲಸಲಿಕ್ಕೆ ಎಷ್ಟ ರೊಕ್ಕ ಬೇಕು, ನೀವ ಹೇಳ್ರಿ.