ಎದ್ದು ನಡೆದ ಮನೆಗಳು

ಅರಮನೆಗಳ ವೈಭವವೂ ದೇವಾಲಯಗಳ ಶಿಲ್ಪವೈಖರಿಯೂ ನಮ್ಮ ಇತಿಹಾಸ ಗ್ರಂಥಗಳಲ್ಲಿ ಧಾರಾಳವಾಗಿ ವರ್ಣಿತವಾಗಿವೆ. ರಾಗಿ ಬೆಳೆದ ಒಕ್ಕಲಿನ ಮನೆ ಹೇಗಿತ್ತೆಂದು ಕೇಳಿದರೆ ಉತ್ತರಿಸಲು ಯಾವ ಶಾಸನವೂ ಇಲ್ಲ. ಆ ಮನೆಯನ್ನೇ ಶಾಸನವೆಂದು ತಿಳಿದು ಓದಬೇಕು; ಅದು ಬಿದ್ದುಹೋದರೆ ಓದೂ ಮುಗಿಯಿತು.

ಈ ಮಾತನ್ನು ಮೊದಲು ಮನಗಂಡವರಲ್ಲಿ ಸ್ವೀಡನ್ ದೇಶದ ಆರ್ಥರ್ ಹಜೀಲಿಯಸ್ ಒಬ್ಬನು. ಆತನು ನಾನಾ ಪ್ರಾಂತಗಳ ರೈತರ ಮನೆಗಳನ್ನು ಬಿಚ್ಚಿ ತಂದು, ಸ್ಟಾಕ್‌ಹೋಮ್ ನಗರದಲ್ಲಿ ಮರಳಿ ನಿಲ್ಲಿಸಿ, 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ವಸ್ತುಸಂಗ್ರಹಾಲಯವನ್ನು ತೆರೆದನು.

ನಮ್ಮ ನಾಡಿನಲ್ಲಿ ಇಂತಹ ಸಾಹಸಕ್ಕೆ ಕೈಯಿಟ್ಟವರು ಮಣಿಪಾಲದ ವಿಜಯನಾಥ ಶೆಣೈ ಅವರು. ಅವರು ದೊರೆಯಲ್ಲ, ಧನಿಕರೂ ಅಲ್ಲ, ಬ್ಯಾಂಕಿನ ನೌಕರರು. ಕೆಡವಲು ಸಿದ್ಧವಾಗಿದ್ದ ಹಳೆಯ ಮನೆಗಳನ್ನು ಹುಡುಕಿ, ಕಂಬ ತೊಲೆ ಬಾಗಿಲುಗಳನ್ನು ಬಿಚ್ಚಿಸಿ, ಮಣಿಪಾಲದಲ್ಲಿ ಮೊದಲಿದ್ದಂತೆಯೇ ಜೋಡಿಸಿದರು. 2017ರಲ್ಲಿ ಅವರು ಕಾಲವಾದರು. ಹಸ್ತಶಿಲ್ಪ ಎಂಬ ಆ ಗ್ರಾಮದಲ್ಲಿ ಕುಂಜೂರಿನ ಚೌಕಿ ಮನೆ, ಕುಕನೂರಿನ ಕಮಲ ಮಹಲು, ಮುಧೋಳದ ದರ್ಬಾರು ಹಜಾರ ಇವೆಲ್ಲ ಈಗ ನೆರೆಹೊರೆಯಾಗಿವೆ. ಜಂಗಮ ಮಠವೊಂದೂ ಅವುಗಳ ನಡುವೆ ನಿಂತಿರುವುದನ್ನು ಕಂಡರೆ ನಮ್ಮ ಓದುಗರಿಗೆ ವಿಶೇಷ ಸಂತೋಷವಾದೀತು. ಚೌಕಿ ಮನೆಯನ್ನು ಹೊಕ್ಕು ನಡುವಣ ಅಂಗಳದಲ್ಲಿ ನಿಂತು ಮೇಲೆ ನೋಡಿರಿ: ನಮ್ಮ ಹುಣಸೂರು ಸೀಮೆಯ ತೊಟ್ಟಿ ಮನೆಯ ದಾಯಾದಿಯೇ ಇದು ಎನಿಸದಿರದು. ಅಲ್ಲಿಯ ಮಾಡು ಮಾತ್ರ ಕರಾವಳಿಯ ಮಳೆಗೆ ತಕ್ಕಂತೆ ಬಲು ಇಳಿಜಾರು.

ಆದರೆ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಬಿಚ್ಚಿ ಜೋಡಿಸಲು ಒದಗುವುದು ಮರ. ಮಣ್ಣಿನ ಗೋಡೆಯನ್ನು ಕಳಚಿದರೆ ಅದು ಮಣ್ಣೇ. ಆದುದರಿಂದ ತೇಗದ ಕಂಬಗಳಿದ್ದ ಸಿರಿವಂತನ ಮನೆ ಎದ್ದು ನಡೆಯಿತು, ಬಡವನ ಮಣ್ಣಿನ ಮನೆ ಇದ್ದಲ್ಲೇ ಕರಗಿತು. ರಾಗಿ ತುಂಬುತ್ತಿದ್ದ ನೆಲದೊಳಗಿನ ಹಗೇವನ್ನು ಯಾವ ಲಾರಿಯಲ್ಲಿ ಹೇರೋಣ? ನೀರಿನ ಪಾಲಾದ ಊರುಗಳ ಕಥೆಯೂ ಹೀಗೆಯೇ. ಕೃಷ್ಣರಾಜಸಾಗರದಲ್ಲಿ ಮುಳುಗಿದ್ದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಾಲಯವನ್ನು ಈ ಶತಮಾನದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ದಡದಲ್ಲಿ ಮರಳಿ ಕಟ್ಟಲಾಯಿತು. ದೇವರಿಗೆ ದೊರೆತ ಆ ಭಾಗ್ಯ, 1974ರಲ್ಲಿ ಪೂರ್ಣಗೊಂಡ ಕಬಿನಿ ಜಲಾಶಯದಲ್ಲಿ ಮುಳುಗಿದ ಹೆಗ್ಗಡದೇವನಕೋಟೆ ಸೀಮೆಯ ಒಕ್ಕಲು ಮನೆಗಳಿಗೆ ದೊರೆಯಲಿಲ್ಲ.

ಇನ್ನು ನಮ್ಮ ಹೊಲಗಳಲ್ಲಿ ನಿಂತಿರುವ ಹೊಗೆಸೊಪ್ಪಿನ ಬ್ಯಾರನ್‌ಗಳನ್ನೇ ನೋಡಿರಿ. ಕಡ್ಡಿಗೆ ಕಟ್ಟಿದ ಹಸಿರೆಲೆ, ಒಲೆಯ ಬಿಸಿಯನ್ನು ಒಳಗೆ ಹರಿಸುವ ಕಬ್ಬಿಣದ ಕೊಳವೆ, ರಾತ್ರಿಯೆಲ್ಲ ಬೆಂಕಿ ಕಾಯುವವನ ಎಚ್ಚರ! ಅವೂ ಮುಂದೊಂದು ದಿನ ಇತಿಹಾಸವೇ ಆಗುವುವು. ಗಾವಡಗೆರೆಯ ಸುತ್ತಿನ ವಾಚಕರಲ್ಲಿ ಹಳೆಯ ಮನೆ ಕೆಡವಿಸುವವರಿದ್ದರೆ, ಗುದ್ದಲಿ ಹಾಕುವ ಮುನ್ನ ಒಂದು ದಿನ ತಡೆಯಿರಿ. ಜಗುಲಿಯ ಉದ್ದ, ತೊಟ್ಟಿಯ ಅಗಲ, ಹಗೇವು ಇದ್ದ ತಾವು, ದನದ ಕೊಟ್ಟಿಗೆಯ ದಿಕ್ಕು, ಇವಿಷ್ಟನ್ನು ಅಳೆದು, ಮನೆಯ ಅಜ್ಜಿಯನ್ನು ಕೇಳಿ ಒಂದೊಂದರ ಹೆಸರನ್ನೂ ಬರೆದಿಡಿರಿ.